ಹಸಿದವಳ ಸಕ್ಕರೆ

ಶಾಂತವೀರನೆಂಬ ಯುವ ವೈದ್ಯ ಗುರುಗಳ ಎದುರು ಕುಳಿತು ಕೇಳಿದ: “ಗುರುಗಳೇ, ವರ್ಷಗಟ್ಟಲೆ ನಂಬಿಕೊಂಡು ಮಾಡಿದ ಸಂಶೋಧನೆ ತಪ್ಪೆಂದು ಗೊತ್ತಾಯಿತು. ಇನ್ನು ನನಗೆ ಉಳಿದದ್ದೇನು?”

ಗುರುಗಳು ಸಮಾಧಾನ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ನಗರದಲ್ಲಿ ಒಬ್ಬ ವೈದ್ಯೆ ಇದ್ದಳು. ಸಕ್ಕರೆ ಕಾಯಿಲೆಯನ್ನು ಅವಳಷ್ಟು ಬಲ್ಲವರು ಆ ಸೀಮೆಯಲ್ಲಿ ಇರಲಿಲ್ಲ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಬೇರೆ, ಅದು ಎಲ್ಲರಿಗೂ ಗೊತ್ತಿದ್ದ ಮಾತು. ಬೆಳೆದವರಿಗೆ ಬರುವುದು ಮಾತ್ರ ಒಂದೇ ಕಾಯಿಲೆ, ಅದು ಅತಿಯಾಗಿ ಉಂಡದ್ದರ ಫಲ, ಊಟ ಇಳಿಸಿದರೆ ಸಕ್ಕರೆ ತಾನಾಗಿ ಇಳಿಯುತ್ತದೆ ಎಂಬುದು ಅವಳ ಸಿದ್ಧಾಂತ. ಅದರಿಂದ ಗುಣ ಕಂಡವರು ಲೆಕ್ಕವಿಲ್ಲದಷ್ಟು. ಗುಣ ಕಾಣದವರೂ ಇದ್ದರು. ಅವರು ಕದ್ದು ತಿನ್ನುತ್ತಾರೆಂದು ಬೈದು ಕಳಿಸುತ್ತಿದ್ದಳು.

ಹಾಗೆ ಬೈಸಿಕೊಂಡವರಲ್ಲಿ ಬುಟ್ಟಿ ಹೆಣೆಯುವ ಒಬ್ಬ ಹೆಂಗಸೂ ಇದ್ದಳು. ಹರೆಯದವಳು, ಕಡ್ಡಿಯಂತಿದ್ದಳು. ಬಂದಾಗಲೆಲ್ಲ ರಕ್ತದಲ್ಲಿ ಸಕ್ಕರೆ ಏರಿಯೇ ಇರುತ್ತಿತ್ತು. ವೈದ್ಯೆ ಅವಳ ಊಟವನ್ನು ಇನ್ನಷ್ಟು ಇಳಿಸಿದಳು. ಒಂದು ಸಲ ಅವಳು ಬರಲೇ ಇಲ್ಲ. ಜ್ವರ ಬಂದು ಹಾಸಿಗೆ ಹಿಡಿದಿದ್ದಾಳೆಂದು ಕೇರಿಯವರು ಹೇಳಿದರು.

ವೈದ್ಯೆ ಅವಳ ಮನೆಗೇ ಹೋದಳು. ಕನಿಕರದಿಂದ ಹೋದವಳಲ್ಲ, ಅಡುಗೆಮನೆಯಲ್ಲಿ ಕಳ್ಳತನ ಹಿಡಿಯಲು ಹೋದಳು. ಒಲೆಯ ಮೇಲೆ ತೆಳ್ಳನೆ ಗಂಜಿಯಿತ್ತು. ಜ್ವರದಲ್ಲಿದ್ದ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ತಾಯಿ ಕೂತಲ್ಲಿಂದಲೇ ಹೇಳಿದಳು:

“ಇವಳು ಚಿಕ್ಕವಳಿದ್ದಾಗ ಹೊಟ್ಟೆ ತುಂಬ ಇಕ್ಕೋಕೆ ನನ್ನ ಕೈಲಾಗಲಿಲ್ಲ, ತಾಯಿ. ಈಗ ನಾಲ್ಕು ತುತ್ತು ಕಾಣೋ ಕಾಲ ಬಂತು ಅನ್ನೋವಾಗ ನೀವು ಉಣ್ಣಬೇಡ ಅಂದ್ರಿ.”

ನಾಚಿಕೆಯಿಂದ ವೈದ್ಯೆಯ ಮುಖ ಬಿಸಿಯಾಯಿತು. ಆದರೆ ಆ ನಾಚಿಕೆಯ ಅಡಿಯಲ್ಲೇ ಒಂದು ಪ್ರಶ್ನೆ ಎದ್ದು ನಿಂತಿತು. ಉಂಡು ಬಂದ ಕಾಯಿಲೆ ಇದಲ್ಲದಿದ್ದರೆ? ಬೆಳೆಯುವ ವಯಸ್ಸಿನಲ್ಲಿ ಹಸಿದ ಮೈಗೆ ಇನ್ಸುಲಿನ್ ತಯಾರಿಸುವ ಶಕ್ತಿಯೇ ಪೂರ್ತಿ ಬಂದಿರದಿದ್ದರೆ?

ಆ ಹೆಂಗಸನ್ನು ಆಗಲೇ ಆಸ್ಪತ್ರೆಗೆ ಸೇರಿಸಿ ಇನ್ಸುಲಿನ್ ಶುರುಮಾಡಿದಳು. ಊಟ ಕೊಡಿ ಎಂದು ತಾಯಿಗೆ ತಾನೇ ಹೇಳಿದಳು. ಆಮೇಲೆ ಅವಳು ನಿಂತಲ್ಲಿ ನಿಲ್ಲಲಿಲ್ಲ. ತಾನು ಬೈದು ಕಳಿಸಿದವರನ್ನು ನೆನಪು ಮಾಡಿಕೊಂಡು, ಹುಡುಕಿಕೊಂಡು ಹೋದಳು. ಕಲ್ಲು ಒಡೆಯುವವನು ಸಿಕ್ಕ. ಬೀಡಿ ಕಟ್ಟುವವಳು ಸಿಕ್ಕಳು. ಎಲ್ಲರೂ ಸಣಕಲು ಮೈಯವರೇ. ಚಿಕ್ಕಂದಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದೆಯಾ ಎಂದು ಕೇಳಿದರೆ ಕಲ್ಲು ಒಡೆಯುವವನು ನಕ್ಕುಬಿಟ್ಟ. ವೈದ್ಯೆ ಅವನ ಕೈ ಹಿಡಿದು ಕ್ಷಮೆ ಕೇಳಿದಳು, ಮರುಗಳಿಗೆಯಲ್ಲೇ ರಕ್ತವನ್ನೂ ಕೇಳಿದಳು.

ಪರೀಕ್ಷೆಯ ಫಲ ಬಂತು. ಅವರ ಮೈಯಲ್ಲಿ ಇನ್ಸುಲಿನ್ ಇದ್ದದ್ದೇ ಅತ್ಯಲ್ಪ. ಇವರಿಗೆ ಉಪವಾಸ ಮದ್ದಲ್ಲ, ಕೇಡು. ವೈದ್ಯೆ ಚಪ್ಪಲಿ ಮೆಟ್ಟುವುದನ್ನೂ ಮರೆತು ಪ್ರಯೋಗಾಲಯದಿಂದ ಓಡಿಬಂದಳು. ಬಾಯಿ ತುಂಬ ನಗುವಿತ್ತು.

ಜೊತೆಯ ವೈದ್ಯ ಗಾಬರಿಯಾದ. “ನಿಮ್ಮ ಸಿದ್ಧಾಂತವೇ ಮುರಿದುಬಿತ್ತಲ್ಲ ಮೇಡಂ. ಹಿಗ್ಗುತ್ತೀರಲ್ಲ!”

“ಮುರೀತು ಕಣಯ್ಯಾ, ಪೂರ್ತಿ ಮುರೀತು! ಇದು ಒಂದು ಕಾಯಿಲೆಯಲ್ಲ, ಎರಡು. ಇವರು ಯಾರೂ ಸುಳ್ಳು ಹೇಳಿರಲಿಲ್ಲ!”

ಅದೇ ವಾರ ನಗರದಲ್ಲಿ ದೊಡ್ಡ ಸಭೆ. ಹೊಸ ಸಂಶೋಧನಾಲಯವೊಂದು ತೆರೆಯುವುದಿತ್ತು. ಆ ಹಳೆಯ ಸಿದ್ಧಾಂತಕ್ಕಾಗಿಯೇ ವೈದ್ಯೆಯನ್ನು ಅದರ ಮುಖ್ಯಸ್ಥೆಯೆಂದು ಸಾರುವುದಿತ್ತು. ಪದವಿ ಕೈಗೆ ಬರಲಿ, ಆಮೇಲೆ ನಿಧಾನವಾಗಿ ಹೇಳಿದರಾಯಿತು ಎಂದು ಹಿತೈಷಿಗಳು ಕಿವಿಯಲ್ಲಿ ಉಸುರಿದರು. ಅವಳ ಚಡಪಡಿಕೆಯೇ ಬೇರೆ. ತನ್ನ ಮಾತು ನಂಬಿದ ವೈದ್ಯರು ಊರೂರಲ್ಲಿ ಇದ್ದಾರೆ, ಹಸಿದವರನ್ನು ಈ ಹೊತ್ತೂ ಉಪವಾಸ ಕೆಡವುತ್ತಿದ್ದಾರೆ. ನಿಧಾನ ಎಂಬ ಮಾತು ಅವಳ ಕಿವಿಗೆ ಬೀಳಲೇ ಇಲ್ಲ.

ವೇದಿಕೆ ಹತ್ತಿದವಳು ವಂದನೆಯನ್ನೂ ಪೂರ್ತಿ ಹೇಳಲಿಲ್ಲ. ತಾನು ಹೇಳಿದ್ದು ಎಲ್ಲರಿಗೂ ಸಲ್ಲುವುದಿಲ್ಲವೆಂದಳು, ಯಾರಿಗೆ ಸಲ್ಲುವುದಿಲ್ಲವೆಂದು ವಿವರಿಸಿದಳು, ಅಂಥವರಿಗೆ ಊಟವನ್ನೂ ಇನ್ಸುಲಿನ್ನನ್ನೂ ಕೊಡಿ ಎಂದಳು. ಹಬ್ಬದ ಸುದ್ದಿ ತಂದವಳ ಹಾಗೆ ಅವಳ ದನಿ ಏರುತ್ತಲೇ ಹೋಯಿತು. ಮುಂದಿನ ಸಾಲಿನಲ್ಲಿದ್ದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರು ಘೋಷಣೆಯನ್ನು ಓದದೆ ಸಭೆ ಮುಗಿಸಿದರು.

ವೈದ್ಯೆ ಅದನ್ನು ಗಮನಿಸಲೂ ಇಲ್ಲ. ಬುಟ್ಟಿ ಹೆಣೆಯುವವಳ ಮೈ ತೀರಾ ಸೋತಿತ್ತು. ಇನ್ಸುಲಿನ್ ಕೊಟ್ಟಿದ್ದರೂ ಜ್ವರ ಬಿಟ್ಟಿರಲಿಲ್ಲ. ಆ ಸಂಜೆ ಏನಾಗುವುದೋ ಹೇಳುವಂತಿರಲಿಲ್ಲ. ವೈದ್ಯೆ ಸಭೆಯಲ್ಲಿ ಹಾಕಿದ್ದ ಹಾರವನ್ನು ಕುರ್ಚಿಯ ಮೇಲೆ ಬಿಟ್ಟು ಆಸ್ಪತ್ರೆಯ ಕಡೆಗೆ ಓಡಿದಳು.

ಗುರುಗಳು ಕತೆ ನಿಲ್ಲಿಸಿದರು.

ಶಾಂತವೀರ ಕಾತರದಿಂದ ಮುಂದೆ ಸರಿದು ಕುಳಿತ. “ಆಮೇಲೆ ಗುರುಗಳೇ? ಆ ಪದವಿ ಅವಳಿಗೆ ಸಿಕ್ಕಿತೇ? ಅವಳ ಹೆಸರು ಉಳಿಯಿತೇ?”

ಗುರುಗಳು ಹೇಳಿದರು:

“ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ: ಬುಟ್ಟಿ ಹೆಣೆಯುವವಳು ಬದುಕಿದಳು.”