ಹಳೆಯ ಲಾರಿಗೆ ಹೊಸ ಆಯಿಲ್

ಹೊಳೆದಂಡೆಯ ಆಶ್ರಮದಲ್ಲಿ ಸೈನ್ಯದ ಹಳೆಯ ಲಾರಿಯೊಂದಿತ್ತು. ಯುದ್ಧದ ಕಾಲದ್ದು, ಆರು ಗಾಲಿಯದ್ದು. ಹರಾಜಿನಲ್ಲಿ ಕೊಂಡು ತಂದಿದ್ದರು.

ಹೊಳೆ ಏರಿದಾಗ ನಡುಗಡ್ಡೆಯ ಜನರನ್ನು ಈಚೆ ದಂಡೆಗೆ ತರಲು ಇದ್ದದ್ದು ಅದೊಂದೇ ಗಾಡಿ. ದೋಣಿ ಹಾಕಲಾಗದ ಸೆಳವಿನಲ್ಲೂ ಅದು ಅಲುಗದೆ ಸಾಗುತ್ತಿತ್ತು.

ಲಾರಿಯ ಹೊಣೆ ಮೌನಪ್ಪನವರದು. ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿ ಇಂಜಿನ್ ಬಿಚ್ಚಿ ಜೋಡಿಸಿದವರು. ಊರಿಗೆ ಸುಬೇದಾರರು, ಕೆಲಸ ಕಲಿಯಲು ಬಂದವರಿಗೆ ಗುರುಗಳು.

ಹಂಪಮ್ಮ ಅವರ ಹತ್ತಿರ ಬಂದಾಗ ಅವಳಿಗೆ ಮೂವತ್ತೊಂದು. ಆರು ವರ್ಷ ಬಸ್ ಡಿಪೋದಲ್ಲಿ ದುಡಿದವಳು. ಅಲ್ಲಿ ಕೆಟ್ಟದ್ದನ್ನು ತೆಗೆದೆಸೆದು ಹೊಸದು ಕೂರಿಸುವುದೇ ಕೆಲಸವಾಗಿತ್ತು. ಕೆಟ್ಟದ್ದನ್ನು ಸರಿ ಮಾಡುವುದು ಕಲಿಯಬೇಕು ಅಂತ ಬಿಟ್ಟು ಬಂದಿದ್ದಳು.

ಮೊದಲ ಮೂರು ತಿಂಗಳು ಗುರು ಅವಳಿಗೆ ಕೊಟ್ಟದ್ದು ಒಂದೇ ಕೆಲಸ. ಇಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲನ್ನು ಎರಡು ಬೆರಳಲ್ಲಿ ತಿಕ್ಕುವುದು, ಮೂಸುವುದು, ಬಿಸಿಲಿಗೆ ಹಿಡಿಯುವುದು.

"ಏನು ಕಾಣ್ತೈತಿ?"

"ಕಪ್ಪಗ ಐತ್ರಿ."

"ಇನ್ನೊಮ್ಮೆ ನೋಡು."

ಲಾರಿಗೆ ಅವರು ಹಾಕುತ್ತಿದ್ದದ್ದು ಹಳೆಯ ಕಾಲದ ಸಾದಾ ಆಯಿಲ್, ದಪ್ಪನೆಯದು. ಪೇಟೆಯಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಅಂಗಡಿಯವನು ಅವರೊಬ್ಬರಿಗಾಗಿ ತರಿಸಿಡುತ್ತಿದ್ದ.

ಒಂದು ದಿನ ಹಂಪಮ್ಮ ಕೇಳಿಯೇಬಿಟ್ಟಳು. "ಗುರುಗಳ, ಡಿಪೋದಾಗ ಇದನ್ನ ಯಾರೂ ಕೈಯಾಗ ಹಿಡಿಯಂಗಿಲ್ರಿ. ಈಗ ಎಷ್ಟೋ ಒಳ್ಳೇ ಆಯಿಲ್ ಬಂದಾವ. ಇಂಜಿನ್ ಒಳಗ ಕನ್ನಡಿ ಹಂಗ ಇಡ್ತಾವ."

"ಒಳ್ಳೇದು ಅಂದಿ. ಯಾರಿಗೆ ಒಳ್ಳೇದು?"

"ಇಂಜಿನ್ನಿಗೆ."

"ಯಾವ ಇಂಜಿನ್ನಿಗೆ?"

ಅವಳು ಲಾರಿಯ ಕಡೆ ನೋಡಿದಳು.

"ತಿಳಿದ ದಿನ ಬಂದು ಹೇಳು," ಎಂದು ಅವರು ಎದ್ದು ಹೋದರು.

ಮತ್ತೆರಡು ಸಲ ಕೇಳಿದಳು. ಎರಡು ಸಲವೂ ಅವರು ಬರೀ ನಕ್ಕರು. ಆ ನಗು ಅವಳ ಎದೆಯಲ್ಲಿ ಚುಚ್ಚುತ್ತ ಉಳಿಯಿತು.

ಮಳೆಗಾಲ ಹಿಡಿದ ಮೇಲೆ ಗುರುವಿಗೆ ಕಣ್ಣು ಮಂಜಾಯಿತು. ತೋರಿಸಿಕೊಂಡು ಬರಲು ನಾಲ್ಕು ದಿನ ಜಿಲ್ಲಾ ಪೇಟೆಗೆ ಹೋದರು.

ಎರಡನೆಯ ದಿನ ಹಂಪಮ್ಮ ಸಾದಾ ಆಯಿಲನ್ನೆಲ್ಲ ಇಳಿಸಿದಳು. ಡಿಪೋದಲ್ಲಿ ಬಳಸುತ್ತಿದ್ದ ಹೊಸ ಆಯಿಲನ್ನು ತಂದು ತುಂಬಿದಳು.

ಇಂಜಿನ್ ಚಾಲೂ ಮಾಡಿದಳು. ಮೊದಲಿನ ಕಟಕಟ ಸದ್ದಿಲ್ಲ. ಹೊಲಿಗೆ ಯಂತ್ರದಂತೆ ನುಣ್ಣಗೆ ಓಡುತ್ತಿತ್ತು.

ಇದೇ ನನ್ನ ಉತ್ತರ ಅಂದುಕೊಂಡಳು. ಗುರುಗಳು ಬಂದು ಕೇಳಲಿ.

ಗುರು ಬಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಳೆಗಾಲ ಮುಗಿಯಲಿ, ಆಮೇಲೆ ಆಪರೇಷನ್ ಅಂತ ಡಾಕ್ಟರಿಗೆ ಹೇಳಿ ಬಂದಿದ್ದರು. ಓಡುತ್ತಿದ್ದ ಇಂಜಿನ್ನಿನ ಮೇಲೆ ಅಂಗೈ ಇಟ್ಟು ತುಸು ಹೊತ್ತು ನಿಂತರು.

"ದನಿ ಬದಲಾಗೈತಿ."

ಹೇಳಲು ಸರಿಯಾದ ಹೊತ್ತು ಅದೇ ಆಗಿತ್ತು. ಆದರೆ ಅವರ ಮುಖದಲ್ಲಿ ಮೆಚ್ಚುಗೆ ಇರಲಿಲ್ಲ. ಅವಳ ನಾಲಿಗೆ ಬೇರೆ ಕಡೆ ಹೊರಳಿತು.

"ಕಾರ್ಬೊರೇಟರ್ ತೊಳದೀನ್ರಿ."

ತೊಳೆದದ್ದು ನಿಜ. ಆದರೆ ಅವರು ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಗುರು ಮತ್ತೆ ಕೇಳಲಿಲ್ಲ. ದಿನಗಳು ಕಳೆದಂತೆ ಹೇಳುವುದು ಇನ್ನಷ್ಟು ಕಷ್ಟವಾಯಿತು.

ಆಯಿಲ್ ಬದಲಿಸಿದ ಹದಿನೇಳನೆಯ ದಿನ ಬೆಳಿಗ್ಗೆ ಸುದ್ದಿ ಬಂತು. ಮೇಲಿನ ಅಣೆಕಟ್ಟಿನ ಬಾಗಿಲು ತೆರೆದಿದ್ದಾರೆ. ಮಧ್ಯಾಹ್ನ ಎರಡರ ಹೊತ್ತಿಗೆ ನೀರು ಇಲ್ಲಿಗೆ ಮುಟ್ಟುತ್ತದೆ.

ನಡುಗಡ್ಡೆಯಲ್ಲಿದ್ದವರು ನಲವತ್ತಮೂರು ಜನ. ಎರಡು ಸಲ ಹೋಗಿ ಬರಬೇಕು.

ಹಂಪಮ್ಮ ಸ್ಟೇರಿಂಗ್ ಹಿಡಿದಳು. ಗುರು ಪಕ್ಕದಲ್ಲಿ ಕೂತರು. ನಡುಗಡ್ಡೆಗೆ ಹೋಗುವ ನೆಲಮಟ್ಟದ ಸೇತುವೆ ಆಗಲೇ ಮೊಳಕಾಲು ನೀರಲ್ಲಿ ಮುಳುಗಿತ್ತು. ಅಂಚಿಗೆ ನೆಟ್ಟಿದ್ದ ಬಿಳಿ ಕಲ್ಲುಗಳೇ ದಾರಿ. ಮೊದಲ ಸಲ ಇಪ್ಪತ್ತೆರಡು ಜನ ಈಚೆ ಬಂದಿಳಿದರು.

ಎರಡನೆಯ ಸಲ ನಡುಗಡ್ಡೆ ಮುಟ್ಟಿದಾಗ ಒಂದು ಗಂಟೆ. ಉಳಿದ ಇಪ್ಪತ್ತೊಂದು ಜನ ಹತ್ತಿದರು. ಮೇಕೆಗಳನ್ನೂ ಎತ್ತಿ ಹಾಕಿದರು. ಮುದುಕಿಯೊಬ್ಬಳು ತಾಮ್ರದ ಹಂಡೆ ತಬ್ಬಿಕೊಂಡು ಕೂತಳು.

ಆಗ ಹಂಪಮ್ಮನ ಕಣ್ಣು ಆಯಿಲ್ ಒತ್ತಡ ತೋರಿಸುವ ಮೀಟರಿನ ಮೇಲೆ ಬಿತ್ತು.

ಯಾವತ್ತೂ ನಲವತ್ತರಲ್ಲಿ ನಿಲ್ಲುವ ಮುಳ್ಳು ಹದಿನೆಂಟಕ್ಕೆ ಬಂದಿತ್ತು. ಅವಳು ಆಕ್ಸಿಲರೇಟರ್ ಮೇಲೆ ಕಾಲು ಒತ್ತಿದಳು. ಸದ್ದು ಏರಿತು. ಮುಳ್ಳು ಏರಲಿಲ್ಲ.

ಗುರುವಿಗೆ ಮೀಟರು ಕಾಣುತ್ತಿರಲಿಲ್ಲ. "ಮುಳ್ಳು ಎಲ್ಲೈತಿ?" ಎಂದು ಕೇಳಿದರು.

"ನಲವತ್ತರಾಗ ಐತ್ರಿ."

ಆ ಮಾತು ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ.

ಲಾರಿ ಇಳಿಜಾರಿನಲ್ಲಿ ನೀರಿನ ಕಡೆ ಸಾಗಿತು. ಹದಿನೈದು. ಮುಂದೆ ನಾನೂರು ಹೆಜ್ಜೆ ಸೇತುವೆ, ಕೆಂಪು ನೀರು. ಹನ್ನೆರಡು. ಹಿಂದೆ ಮಗುವೊಂದು ಅಳುತ್ತಿತ್ತು. ಹತ್ತು.

ಮುಂದಿನ ಗಾಲಿಗಳು ನೀರಿಗೆ ಇನ್ನೇನು ತಾಕಬೇಕು, ಹಂಪಮ್ಮ ಬ್ರೇಕ್ ತುಳಿದಳು. ಇಂಜಿನ್ ಬಂದ್ ಮಾಡಿದಳು.

ಹಿಂದಿನಿಂದ ನಡುಗಡ್ಡೆಯ ಹಿರಿಯ ದುರುಗಪ್ಪ ಕೂಗಿದ. "ಯಾಕವ್ವಾ ನಿಂತಿ? ನೀರು ಏರಾಕ ಹತ್ತೈತಿ! ನಡಿ, ನಡಿ!"

ಎಲ್ಲರೂ ಕೂಗತೊಡಗಿದರು. ಲಾರಿಯ ತಗಡನ್ನು ಗುದ್ದಿದರು.

ಹಂಪಮ್ಮ ಗುರುವಿನ ಕಡೆ ತಿರುಗಿದಳು. "ಸುಳ್ಳು ಹೇಳಿದ್ನಿ. ಮುಳ್ಳು ಹತ್ತಕ್ಕ ಬಂದೈತಿ. ನೀವು ಪೇಟೆಗೆ ಹೋದಾಗ ಆಯಿಲ್ ಬದಲಿ ಮಾಡೀನ್ರಿ. ಡಿಪೋದ ಆಯಿಲ್ ಹಾಕೀನಿ."

ಗುರುವಿನ ಮುಖ ಬಿಗಿಯಿತು. ಬೈಯಲಿಲ್ಲ.

"ಅವತ್ತಿಂದ ದಿನಾ ಓಡಿಸೀ?"

"ಮುಂಜಾನೆ ಅರ್ಧ ತಾಸು."

"ಹಂಗಾದ್ರ ಕೇಳು. ಈ ಇಂಜಿನ್ನಿಗೆ ಫಿಲ್ಟರ್ ಇಲ್ಲ. ಹಿಂದಿನವರು ಬಿಟ್ಟ ಕೆಸರು ತಳದ ಆಯಿಲ್ ಚೇಂಬರಿನಾಗ ಹೆಪ್ಪುಗಟ್ಟೈತಿ. ಸಾದಾ ಆಯಿಲ್ ಅದನ್ನ ಅಲ್ಲೇ ಮಲಗಿಸಿತ್ತು. ನಿಂದು ತೊಳಿಯೋ ಆಯಿಲ್. ಎಬ್ಬಿಸೈತಿ. ಎದ್ದ ಕೆಸರು ಬಂದು ಆಯಿಲ್ ಹೀರೋ ಜಾಳಿಗಿಗೆ ಮೆತ್ತೈತಿ. ಆಯಿಲ್ ಮ್ಯಾಲೆ ಏರವಲ್ಲದು."

"ನೀರಿಗೆ ಇಳಿದಿದ್ರ?"

"ಹೊಳಿ ನಡುವ ಇಂಜಿನ್ನಿನ ಬೇರಿಂಗ್ ಹಿಡಕೊಂಡು ಲಾರಿ ನಿಲ್ತಿತ್ತು."

ಅವಳು ಹಿಂದೆ ಕೂತ ಜನರತ್ತ ತಿರುಗಿ ನೋಡಿದಳು.

"ಇಳಿ," ಎಂದರು ಗುರು. "ಚೇಂಬರಿನ ಅಡಿಗೆ ಅಂಗೈಯಗಲದ ಮುಚ್ಚಳ ಐತಿ, ಎಂಟು ಬೋಲ್ಟು. ಅದರ ಒಳಗ ಜಾಳಿಗಿ."

"ನೀವು?"

"ನನಗ ಕಾಣಂಗಿಲ್ಲ. ನೀನ ಮಾಡಬೇಕು."

ಲಾರಿಯನ್ನು ಇಳಿಜಾರಿನಿಂದ ಹಿಂದಕ್ಕೆ ದಬ್ಬುವುದು ಯಾರಿಂದಲೂ ಆಗದು. ಇಂಜಿನ್ ಮತ್ತೆ ಚಾಲೂ ಮಾಡುವಂತಿಲ್ಲ. ನಿಂತಲ್ಲೇ ಬಿಚ್ಚಬೇಕು.

ಹಂಪಮ್ಮ ಬೋಲ್ಟು ಬಿಚ್ಚುವ ಪಾನಾ ಹಿಡಿದು ಲಾರಿಯಡಿ ನುಸುಳಿದಳು. ಯಾರೂ ಕೇಳುವ ಮೊದಲೇ ಮುದುಕಿ ಆಯಿಲ್ ಹಿಡಿಯಲು ಹಂಡೆಯನ್ನು ಕೆಳಗೆ ಕೊಟ್ಟಳು. ಆಯಿಲ್ ಇಳಿಸುವ ಬಿರಡೆ ತೆಗೆದಾಗ ಸುಡುವ ಆಯಿಲ್ ಮೊಣಕೈವರೆಗೆ ಹರಿಯಿತು. ಹಂಪಮ್ಮ ಹಲ್ಲು ಕಚ್ಚಿದಳು. ಕೈ ಹಿಂದೆಗೆಯಲಿಲ್ಲ.

ಗುರು ಮುಂದಿನ ಗಾಲಿಯ ಪಕ್ಕ ಬರಿಗಾಲಲ್ಲಿ ನಿಂತಿದ್ದರು.

"ನೀರು ಗಾಲಿ ಮುಟ್ಟಿತು," ಎಂದರು.

ಒಂದು ಬೋಲ್ಟು, ಎರಡು, ಮೂರು. ನಾಲ್ಕನೆಯದು ಜಡ್ಡುಗಟ್ಟಿತ್ತು. ಪಾನಾ ಜಾರಿ ಬೆರಳ ಗೆಣ್ಣು ತರಚಿತು.

"ನನ್ನ ಕಾಲಿನ ಹರಡು ಮುಳುಗಿತು."

ಎಂಟನೆಯ ಬೋಲ್ಟು ಕಳಚಿತು. ಜಾಳಿಗೆ ಕೈಗೆ ಬಂತು. ಅದರಲ್ಲಿ ಒಂದು ರಂಧ್ರವೂ ಕಾಣುತ್ತಿರಲಿಲ್ಲ. ಡಾಂಬರು ಬಳಿದಂತೆ ಕೆಸರು ಮುಚ್ಚಿತ್ತು.

ಟ್ಯಾಂಕಿನಿಂದ ಪೆಟ್ರೋಲ್ ಇಳಿಸಿ ಜಾಳಿಗೆ ತೊಳೆದಳು. ಗುರು ತಮ್ಮ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ, ಹಂಡೆಯ ಆಯಿಲನ್ನು ಇಬ್ಬರು ಹೆಂಗಸರ ಕೈಯಲ್ಲಿ ಡಬ್ಬಿಗೆ ಸೋಸಿಸಿದರು. ತಾವು ಚಡ್ಡಿಯಲ್ಲೇ ನಿಂತರು.

"ಗುರುಗಳ, ಪ್ಯಾಕಿಂಗ್ ಹರದೈತಿ!" ಮುಚ್ಚಳದ ಕೆಳಗಿನ ತೆಳು ಕಾಗದ ಎರಡು ತುಂಡಾಗಿತ್ತು.

"ದಪ್ಪ ರಟ್ಟು ಯಾರ ಹತ್ರ ಐತಿ?" ಗುರು ಕೂಗಿ ಕೇಳಿದರು.

ದುರುಗಪ್ಪನ ಕಂಕುಳಲ್ಲಿ ಮನೆಪತ್ರಗಳ ಫೈಲಿತ್ತು. ಅವನು ಪತ್ರಗಳನ್ನು ಅಂಗಿಯೊಳಗೆ ತುರುಕಿಕೊಂಡು ರಟ್ಟನ್ನು ಹರಿದು ಕೊಟ್ಟ. ಈಗ ಅವನು ಕೂಗುತ್ತಿರಲಿಲ್ಲ.

ಹಂಪಮ್ಮ ರಟ್ಟನ್ನು ಮುಚ್ಚಳದ ಅಳತೆಗೆ ಕತ್ತರಿಸಿದಳು. ಅಷ್ಟರಲ್ಲಿ ನೀರು ಅವಳ ಬೆನ್ನಿನ ಕೆಳಗೆ ಬಂದಿತ್ತು. ತಿರುಗಿಸುವಾಗ ಒಂದು ಬೋಲ್ಟು ಕೈಜಾರಿ ಕೆಂಪು ನೀರಲ್ಲಿ ಬಿತ್ತು. ತಡವಿದಳು. ಸಿಗಲಿಲ್ಲ.

"ಒಂದು ಬಿತ್ರಿ!"

"ಏಳು ಸಾಕು. ಎದುರುಬದುರು ಬಿಗಿ ಮಾಡು. ಅವಸರ ಮಾಡಬ್ಯಾಡ."

"ನೀರು ಕಿವಿಗೆ ಬಂದೈತ್ರಿ!"

"ಗೊತ್ತೈತಿ. ಎದುರುಬದುರು."

ಏಳೂ ಬಿಗಿದಳು. ಬಿರಡೆಯನ್ನು ಅದರ ಜಾಗಕ್ಕೆ ಕೂರಿಸಿ ಹೊರಗೆ ಬಂದಾಗ ಅವಳ ಮೈಯೆಲ್ಲ ಕೆಂಪು, ಕಪ್ಪು. ಸೋಸಿದ ಆಯಿಲ್ ಸುರಿದಳು. ಫ್ಯಾನು ತಿರುಗಿ ಇಂಜಿನ್ನಿನ ಮೇಲೆ ನೀರು ಎರಚದ ಹಾಗೆ ಅದರ ಬೆಲ್ಟು ಬಿಚ್ಚಿದಳು. ಇಬ್ಬರೂ ಹತ್ತಿ ಕೂತರು. ಸೆಲ್ಫ್ ಒತ್ತಿದಾಗ ಇಂಜಿನ್ ಚಾಲೂ ಆಯಿತು.

"ಮುಳ್ಳು?"

"ಇನ್ನೂ ಎದ್ದಿಲ್ರಿ."

ಗುರು ಇಂಜಿನ್ನಿನ ದನಿಗೆ ಕಿವಿಗೊಟ್ಟರು.

"ಹನ್ನೆರಡು," ಎಂದಳು ಹಂಪಮ್ಮ. "ಇಪ್ಪತ್ತು. ಮೂವತ್ತು. ಮೂವತ್ತೆರಡಕ್ಕ ನಿಂತೈತ್ರಿ."

"ಖರೇನ?"

"ಖರೇನ್ರಿ."

"ನಡಿ. ನೀರಾಗ ಇಳಿದ ಮ್ಯಾಲೆ ಏನೇ ಆದ್ರೂ ಕಾಲು ತೆಗೀಬ್ಯಾಡ. ಸೈಲೆನ್ಸರಿಗೆ ನೀರು ಹೊಕ್ರ ಮುಗೀತು."

ಲಾರಿ ನೀರಿಗಿಳಿಯಿತು. ಬಿಳಿ ಕಲ್ಲುಗಳ ತಲೆ ಮಾತ್ರ ಕಾಣುತ್ತಿತ್ತು. ಹಂಪಮ್ಮ ಕಲ್ಲು ನೋಡುತ್ತ, ಮುಳ್ಳು ನೋಡುತ್ತ, ಗಟ್ಟಿಯಾಗಿ ಹೇಳುತ್ತ ಹೋದಳು.

"ಮೂವತ್ತೆರಡು. ಮೂವತ್ತೆರಡು. ಮೂವತ್ತು."

ನಡುವೆ ಸೆಳವು ಲಾರಿಯ ಹಿಂಭಾಗವನ್ನು ಒಂದು ಗೇಣು ಸರಿಸಿತು. ಜನ ಕಿರುಚಿದರು. ಅವಳು ಕಾಲು ತೆಗೆಯಲಿಲ್ಲ.

"ಇಪ್ಪತ್ತಾರು. ಜಾಳಿಗಿ ಮತ್ತ ಕಟ್ಟಾಕ ಹತ್ತೈತ್ರಿ."

"ಹೇಳ್ಕೋತ ಹೋಗು."

"ಇಪ್ಪತ್ತನಾಲ್ಕು. ಇಪ್ಪತ್ತೆರಡು."

ಮುಂದಿನ ಗಾಲಿಗಳು ದಂಡೆಯ ಕಲ್ಲುಹಾಸನ್ನು ಹತ್ತಿದವು. ಮೇಕೆಯೊಂದು ಹಾರಿ ಇಳಿದು ಓಡಿತು.

ಲಾರಿ ಆಶ್ರಮದ ಅಂಗಳದಲ್ಲಿ ನಿಂತಾಗ ಮುಳ್ಳು ಹದಿನಾರರಲ್ಲಿತ್ತು. ಹಂಪಮ್ಮ ಇಂಜಿನ್ ಬಂದ್ ಮಾಡಿ ಸ್ಟೇರಿಂಗ್ ಮೇಲೆ ಹಣೆ ಇಟ್ಟಳು. ಹಿಂತಿರುಗಿ ನೋಡಿದಾಗ ಒಂದು ಬಿಳಿ ಕಲ್ಲೂ ಕಾಣಲಿಲ್ಲ. ಮೇಲಿನ ನೀರು ಬಂದಿತ್ತು.

ಮುದುಕಿ ಅವಳ ಸುಟ್ಟ ಕೈಗೆ ತಣ್ಣೀರು ಹೊಯ್ದಳು. ಆಮೇಲೆ ಕಪ್ಪಾದ ಹಂಡೆಯನ್ನು ತಿಕ್ಕಲು ಕೂತಳು.

ಸಂಜೆಗೆ ಹಂಪಮ್ಮ ತನ್ನ ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ಗುರು ಲಾರಿಯ ಪಕ್ಕ ಕೂತು ಒದ್ದೆ ಬೆಲ್ಟನ್ನು ಒರೆಸುತ್ತಿದ್ದರು.

"ನಾ ಹೊಂಟೀನ್ರಿ."

"ಎಲ್ಲಿಗೆ?"

"ನಾ ಹಾಕಿದ ಆಯಿಲ್ಲಿಂದ ಇಪ್ಪತ್ತೊಂದು ಜೀವ ಹೋಗ್ತಿದ್ವು."

"ಆಯಿಲ್ ಒಳ್ಳೇದೇ ಐತಿ. ಮಳೆಗಾಲ ಮುಗಿದ ಮ್ಯಾಲೆ ಚೇಂಬರ್ ಬಿಚ್ಚಿ, ಕೆಸರು ಕೆರೆದು, ಅದನ್ನ ಹಾಕಬೇಕಂತ ಇದ್ನಿ."

ಹಂಪಮ್ಮ ಬೆರಗಾಗಿ ನಿಂತಳು.

"ಅದನ್ನ ಹಾಕಾವ್ರಿದ್ರೇನು?"

"ಹೂಂ."

"ನನ್ನ ಮ್ಯಾಲೆ ಸಿಟ್ಟಿಲ್ಲೇನ್ರಿ?"

"ಐತಿ. ಅರ್ಧ ನಿನ್ನ ಮ್ಯಾಲೆ."

"ಉಳಿದ ಅರ್ಧ?"

ಮೌನಪ್ಪ ಬೆಲ್ಟನ್ನು ಬದಿಗಿಟ್ಟರು. ನೆಲ ತಡವಿ, ಪಾನಾ ಹುಡುಕಿ, ಅವಳತ್ತ ಚಾಚಿದರು.

"ಮೂರು ಸಲ ಕೇಳಿದ್ರೂ ಬಿಡಿಸಿ ಹೇಳದ ಮುದುಕನ ಮ್ಯಾಲೆ. ಚೀಲ ಒಳಗಿಟ್ಟು ಬಾ."