ತೆರೆ ಎಳೆದ ಹೊತ್ತು

ಹಾರಿ ಸಮುದ್ರ ದಾಟಿದ, ದಾಟಿ ಮರಳಿಯೂ ಬಂದ ವಾಯುಪುತ್ರನಿಗೆ ಮೊದಲ ನಮಸ್ಕಾರ. ಹೋದವರು ಮರಳುವುದೆಲ್ಲ ಅವನ ಕೃಪೆ.

ಹೊಳೆದಂಡೆಯಲ್ಲಿ ಒಂದು ಪುಟ್ಟ ವಿಮಾನ ನಿಲ್ದಾಣ. ಅದರ ಬೇಲಿಗೆ ಹೊಂದಿಕೊಂಡು ಹನುಮಂತರಾಯನ ಗುಡಿ. ಆ ನಿಲ್ದಾಣದಲ್ಲಿ ಸಾಂಬಯ್ಯ ಮೇಷ್ಟ್ರು ವಿಮಾನ ಹಾರಿಸುವ ವಿದ್ಯೆ ಕಲಿಸುತ್ತಿದ್ದರು.

ಒಂದು ಬೆಳಿಗ್ಗೆ ಶಿಷ್ಯೆ ಧಾತ್ರಿ ದಟ್ಟ ಮಂಜಿನಲ್ಲಿ ಒಬ್ಬಳೇ ವಿಮಾನ ಇಳಿಸಿಕೊಂಡು ಬಂದಳು. ಮುಖ ಅರಳಿತ್ತು.

“ಗುರುಗಳೇ, ಹೊರಗೆ ಏನೇನೂ ಕಾಣಲಿಲ್ಲ. ಮೀಟರಿನ ಮುಳ್ಳು ನೋಡಿಕೊಂಡೇ ಇಳಿಸಿಬಿಟ್ಟೆ.”

“ರನ್‌ವೇ ಎಷ್ಟು ಅಡಿಗೆ ಕಂಡಿತು?”

ಧಾತ್ರಿ ಕತ್ತು ತುರಿಸಿಕೊಂಡಳು. ಮುನ್ನೂರು ಅಡಿಗೆ ಬಂದರೂ ರನ್‌ವೇ ಕಾಣದಿದ್ದರೆ ಮೂತಿ ಎತ್ತಿ ಮತ್ತೆ ಮೇಲೇರಬೇಕು. ಅದು ದಾಟಬಾರದ ಗೆರೆ. ಆ ಗೆರೆ ದಾಟಿ ಮರಳಿ ಬಾರದ ಇಬ್ಬರು ಗೆಳೆಯರ ಹೆಸರು ಹೇಳಿ ಮೇಷ್ಟ್ರು ಪ್ರತಿ ಶನಿವಾರ ಗುಡಿಯಲ್ಲಿ ದೀಪ ಹಚ್ಚುತ್ತಿದ್ದರು.

“ಮುನ್ನೂರಕ್ಕೆ ಕಾಣಲಿಲ್ಲ. ಇನ್ನೊಂದು ಚೂರು, ಇನ್ನೊಂದು ಚೂರು ಅಂತ ಇಳಿದೆ. ಕಂಡಿತಲ್ಲ ಕೊನೆಗೆ.”

ಮೇಷ್ಟ್ರು ಬಗ್ಗಿ ಗಾಲಿಯ ಸಂದಿಗೆ ಕೈ ಹಾಕಿದರು. ಎಳೆದಾಗ ಬಂದದ್ದು ಹಸಿ ತೆಂಗಿನ ಗರಿ.

“ಹಿಡಿ. ಪೊರಕೆಗೆ ಒಂದು ಕಡ್ಡಿ ಆಯಿತು.”

ಹೊಳೆದಂಡೆಯ ತೆಂಗಿನ ತಲೆಗೇ ತಾಗಿಕೊಂಡು ಇಳಿದಿದ್ದಳು ಧಾತ್ರಿ.

“ಇನ್ನು ನನ್ನನ್ನು ಹಾರೋಕೆ ಬಿಡ್ತೀರಾ ಗುರುಗಳೇ?”

“ನಡಿ, ಹನುಮಂತರಾಯನ್ನ ಕೇಳೋಣ.”

ಗುಡಿಯಲ್ಲಿ ನೈವೇದ್ಯದ ಹೊತ್ತು. ಗರ್ಭಗುಡಿಗೆ ತೆರೆ ಎಳೆದಿತ್ತು.

“ಸರಿಸಿಕೊಂಡು ಒಳಗೆ ಹೋಗು,” ಎಂದರು ಮೇಷ್ಟ್ರು.

“ಎಲ್ಲಾದರೂ ಉಂಟೇ? ಅರ್ಚಕರು ಸುಮ್ಮನೆ ಬಿಡ್ತಾರಾ?”

“ಒಂದು ಚೂರು ಸರಿಸು. ಕಾಣ್ತಾನಲ್ಲ ಕೊನೆಗೆ.”

ಧಾತ್ರಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು.

“ಸರಿ, ತೆರೆ ಎಳೆದಿದ್ದಾಗ ನೀವೆಲ್ಲ ಏನು ಮಾಡ್ತೀರಮ್ಮ?”

“ಪ್ರದಕ್ಷಿಣೆ ಹಾಕ್ತೀವಿ.”

“ಮತ್ತೆ ನಿಂತಿದ್ದೀಯಲ್ಲ.”

ಹಾಕಿದಳು. ಐದನೆಯ ಸುತ್ತಿಗೆ ಗಂಟೆ ಮೊಳಗಿತು, ತೆರೆ ಸರಿಯಿತು. ಮೇಷ್ಟ್ರು ತೀರ್ಥ ಕುಡಿದು ಕೈಯನ್ನು ತಲೆಗೆ ಒರೆಸಿಕೊಂಡು ಹೊರಟೇಬಿಟ್ಟರು.

ತಿಂಗಳ ಮೇಲೆ ಅವಳಿಗೆ ಕೊನೆಯ ಪರೀಕ್ಷೆ. ಪಕ್ಕದ ಸೀಟಿನಲ್ಲಿ ಮೇಷ್ಟ್ರು. ಬೇಲಿಯ ಬಳಿ ಮನೆಮಂದಿಯೆಲ್ಲ ಮಲ್ಲಿಗೆ ಹಾರ ಹಿಡಿದು ಕಾದಿದ್ದರು. ಅಮ್ಮ ಹೋಳಿಗೆಯ ಡಬ್ಬಿಯನ್ನೂ ತಂದಿದ್ದರು.

ಹಾರಿ ಮರಳುವಷ್ಟರಲ್ಲಿ ಮೋಡ ನೆಲಕ್ಕೆ ಇಳಿದಿತ್ತು.

ಮುನ್ನೂರು ಅಡಿ. ಗಾಜಿನಾಚೆ ಬರೀ ಬಿಳಿ. ಕೆಳಗೆ ಎಲ್ಲೋ ಅಮ್ಮ.

ಇನ್ನೊಂದು ಚೂರು, ಎಂದಿತು ಮನಸ್ಸು.

ಧಾತ್ರಿ ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು ಮೂತಿ ಎತ್ತಿದಳು.

“ತೆರೆ ಎಳೆದಿದೆ ಗುರುಗಳೇ. ಪ್ರದಕ್ಷಿಣೆ.”

“ಹೂಂ,” ಎಂದರು ಮೇಷ್ಟ್ರು.

ಎರಡನೆಯ ಸಲವೂ ತೆರೆ. ಧಾತ್ರಿ ಪೆಟ್ರೋಲಿನ ಮುಳ್ಳು ನೋಡಿದಳು. ಮೂರನೆಯದಕ್ಕೆ ಹೋಗದೆ, ಬಿಸಿಲಿದ್ದ ಪಕ್ಕದ ಊರಿನ ನಿಲ್ದಾಣಕ್ಕೆ ಹೋಗಿ ಇಳಿದಳು.

ಕೆಳಗಿಳಿದವಳ ಕಣ್ಣು ತುಂಬಿತ್ತು.

“ಇಳಿಯಬೇಕಾದಲ್ಲಿ ಇಳಿಯಲಿಲ್ಲ. ಪರೀಕ್ಷೆ ಫೇಲಾ?”

ಮೇಷ್ಟ್ರು ಬಗ್ಗಿ ಗಾಲಿಯ ಸಂದಿಯನ್ನು ತಡವಿ ನೋಡಿದರು. ಏನೂ ಸಿಗಲಿಲ್ಲ. ಅವಳ ಹಾರಾಟದ ಲೆಕ್ಕದ ಪುಸ್ತಕವನ್ನು ರೆಕ್ಕೆಯ ಮೇಲಿಟ್ಟು, ‘ಪಾಸು’ ಎಂದು ಬರೆದು ಸಹಿ ಹಾಕಿದರು.

ಧಾತ್ರಿ ಮೂಗೊರೆಸಿಕೊಂಡು ನಕ್ಕಳು. “ಆದರೂ ಅಲ್ಲಿ ಎಲ್ಲರೂ ಕಾಯ್ತಿದ್ದಾರೆ. ನಾವು ಹೋಗೋ ಹೊತ್ತಿಗೆ ಹಾರ ಬಾಡಿಹೋಗಿರುತ್ತೆ ಗುರುಗಳೇ.”

“ಬಾಡಲಿ ಬಿಡು ತಾಯಿ. ಫೋಟೊಗೆ ಹಾಕೋಕೆ ತಂದಿದ್ದಲ್ಲವಲ್ಲ.”

ಈ ಕಥೆ ಕೇಳಿದವರ ಮನೆಗಳಲ್ಲಿ, ಹೊರಟಷ್ಟೂ ಮಂದಿ ಮರಳಿ ಹೊಸಿಲು ದಾಟಲಿ.