ನಾಲ್ಕು ವರ್ಷದ ವೈದ್ಯ

ಹೊಳೆಯ ದಂಡೆಯ ಮೇಲೆ ಒಂದು ಮಠವಿತ್ತು. ವೈದ್ಯ ಕಲಿಸುವ ಮಠ. ಅಲ್ಲಿ ದೇವರ ಮಾತಿಗಿಂತ ಮದ್ದಿನ ಮಾತೇ ಹೆಚ್ಚು.

ಪ್ರತಿವರ್ಷ ಯುಗಾದಿ ಮುಗಿದ ಮೇಲೆ ನೂರಾರು ಹುಡುಗರು ಅಲ್ಲಿಗೆ ಬರುತ್ತಿದ್ದರು. ಸೇರಿಸಿಕೊಳ್ಳುತ್ತಿದ್ದದ್ದು ಏಳು ಜನರನ್ನು. ಉಳಿದವರು ಹೊಳೆಯಲ್ಲಿ ಮುಖ ತೊಳೆದುಕೊಂಡು ಬಂದ ದಾರಿ ಹಿಡಿಯುತ್ತಿದ್ದರು.

ಗುರುಗಳ ಹೆಸರು ರೇವಣಯ್ಯ. ಎಲ್ಲರೂ ಕರೆಯುತ್ತಿದ್ದದ್ದು ಅಜ್ಜಾರು ಅಂತ. ಬಲು ಅನುಮಾನದ ಮನುಷ್ಯ. 'ಆರಾಮ ಆಗೇನ್ರಿ' ಅಂತ ರೋಗಿ ನಗುತ್ತ ಬಂದರೆ ತಾವು ನಗುತ್ತಿರಲಿಲ್ಲ. 'ಎಲ್ಲಿ, ನಾಲಿಗಿ ತಗಿ' ಅನ್ನುತ್ತಿದ್ದರು.

ಕಲಿಕೆ ಏಳು ವರ್ಷದ್ದು. ಹುಡುಗನನ್ನು ಓದಿಸುವ ಮನೆಯಿಂದ ವರ್ಷಕ್ಕೆ ಎರಡು ಚೀಲ ಜೋಳ ಮಠಕ್ಕೆ ಬರಬೇಕು. ಜೊತೆಗೆ ಒಂದು ಕಾಣಿಕೆ. ಅದು ಕೊಂಡು ತಂದದ್ದಾಗಬಾರದು, ಓದಿಸುವವರು ಕೈಯಾರೆ ಮಾಡಿದ್ದಾಗಬೇಕು. ಕುಂಬಾರರ ಮನೆಯಾದರೆ ಒಂದು ಕುಡಿಕೆ. ಒಕ್ಕಲುತನದ ಮನೆಯಾದರೆ ಒಂದು ಹೊಸೆದ ಹಗ್ಗ.

ಕಾಣಿಕೆ ಗಂಟು ಕಟ್ಟಿಕೊಂಡು ಬರುತ್ತಿತ್ತು. ಶಿಷ್ಯ ಅದನ್ನು ಬಿಚ್ಚದೆ ಗುರುವಿಗೆ ಒಪ್ಪಿಸಬೇಕು. ಗುರುವೂ ಬಿಚ್ಚದೆ ಪೆಟ್ಟಿಗೆಯಲ್ಲಿಡಬೇಕು. ಶಿಷ್ಯ ಕಲಿತು ಹೊರಡುವಾಗ ಬಿಚ್ಚುವುದು ಆ ಮಠದ ಪದ್ಧತಿ. ಯಾಕೆ ಅಂತ ಯಾರೂ ಕೇಳಿರಲಿಲ್ಲ.

ಚೌಡಪ್ಪ ನೇಕಾರರ ಹುಡುಗ. ತಂದೆ ತಾಯಿ ಇಲ್ಲ. ಅಕ್ಕ ಬನವ್ವ ಮಗ್ಗದ ಕುಣಿಯಲ್ಲಿ ಕೂತು ಅವನನ್ನು ಓದಿಸುತ್ತಿದ್ದಳು. ಊರು ಅಲ್ಲಿಂದ ಎರಡು ದಿನದ ದಾರಿ. ವರ್ಷಕ್ಕೊಮ್ಮೆ ಗಾಡಿಯಲ್ಲಿ ಎರಡು ಚೀಲ, ಒಂದು ಗಂಟು ಬರುತ್ತಿತ್ತು.

ಹುಡುಗ ಚುರುಕು. ಉಳಿದವರು ಒಂದು ಓಲೆ ಕಲಿಯುವಾಗ ಇವನು ಮೂರು ಕಲಿಯುತ್ತಿದ್ದ. ನಾಲ್ಕು ವರ್ಷಕ್ಕೆ ಮಠದ ಓಲೆಗಳೆಲ್ಲ ಮುಗಿದವು.

ಒಂದು ಬೆಳಿಗ್ಗೆ ಅಜ್ಜಾರು ಬೇರು ತೊಳೆಯುತ್ತಿದ್ದಾಗ ಹೋಗಿ ನಿಂತ.

"ಅಜ್ಜಾರ, ನನ್ನ ಪರೀಕ್ಷೆ ಈ ವರ್ಷನ ಮಾಡ್ರಿ."

"ಏಳು ವರ್ಷದ್ದು ನಾಕ ವರ್ಷಕ್ಕ? ಅವಸರ ಏನೈತಿ?"

"ನಾನು ಮೂರು ವರ್ಷ ಮೊದಲ ಹೊಂಟ್ರ ನಮ್ಮಕ್ಕಗ ಆರು ಚೀಲ ಜ್ವಾಳ ಉಳೀತಾವ್ರಿ. ಆಕಿ ನನ್ನ ಸಲುವಾಗಿ ನೇಯ್ದು ನೇಯ್ದು ಸೋತಾಳ."

ಅಜ್ಜಾರು ಬೇರಿನಿಂದ ಕಣ್ಣೆತ್ತಲಿಲ್ಲ.

"ಅಕ್ಕನ್ನ ನೋಡಿ ಎಷ್ಟ ದಿನಾ ಆತು?"

"ಬಂದಾಗಿಂದ ಹೋಗಿಲ್ರಿ. ಹೋಗಿ ಬರಾಕ ನಾಕ ದಿನಾ ಬೇಕು. ಪಾಠ ತಪ್ಪತಾವು."

"ಸೋತಾಳ ಅಂತ ಯಾರು ಹೇಳಿದ್ರು?"

"ಎರಡನೇ ವರ್ಷ ಕಣ್ಣು ಭಾಳ ಉರೀತಾವ ಅಂತ ಹೇಳಿ ಕಳಿಸಿದ್ಲು. ನಾನ ಅಂಜನಾ ಅರದು ಕಳಿಸಿದೆ. ಎಂಟ ದಿನದಾಗ ಉರಿ ಹೋತಂತ್ರಿ. ಈಗೂ ವರ್ಷಾ ಬೇಡಿ ತರಸ್ತಾಳ." ಚೌಡಪ್ಪ ಎದೆಯುಬ್ಬಿಸಿಕೊಂಡೇ ಹೇಳಿದ. "ನಾ ವಾಸಿ ಮಾಡಿದ ಮೊದಲ ರೋಗ ಅದು."

ಅಜ್ಜಾರು ಇನ್ನೊಂದು ಬೇರು ಎತ್ತಿಕೊಂಡು ತೊಳೆದರು.

"ಕಡೀ ಮೂರು ವರ್ಷ ಏನು ಕಲಸ್ತೀರಿ ಅಜ್ಜಾರ?" ಅಂತ ಅವನೇ ಕೇಳಿದ.

"ಏನೂ ಕಲಸಂಗಿಲ್ಲ," ಅಂದರು ಅಜ್ಜಾರು. ಬೇರಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಅನುಮಾನಕ್ಕೆ ಮದ್ದಿಲ್ಲ ಅಂತಾರೆ. ಮದ್ದಿನ ಮಠದಲ್ಲೂ ಇರಲಿಲ್ಲ.

ಏನೂ ಕಲಿಸದೆ ಮೂರು ವರ್ಷ ಇಟ್ಟುಕೊಳ್ಳುವುದು ಯಾತಕ್ಕೆ? ಚೌಡಪ್ಪ ಅಂದಿನಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದ. ಐದು, ಆರು, ಏಳನೇ ವರ್ಷದ ಶಿಷ್ಯರು ನಸುಕಿಗೆ ಎದ್ದು ಖಾಲಿ ಕೈಯಲ್ಲಿ ಊರೂರು ಸುತ್ತಲು ಹೋಗುತ್ತಿದ್ದರು. ಮೂರು ದಿನ ಬಿಟ್ಟು ಖಾಲಿ ಕೈಯಲ್ಲೇ ಬರುತ್ತಿದ್ದರು. ಮದ್ದಿಲ್ಲ, ಓಲೆಯಿಲ್ಲ. ಉಣ್ಣುವುದಕ್ಕೆ ಮಾತ್ರ ಮಠದ ರೊಟ್ಟಿ.

ಅವರಲ್ಲೊಬ್ಬನನ್ನು ಹಿಡಿದು ಕೇಳಿದ. "ಎಲ್ಲಿಗೆ ಹೋಗ್ತೀರಿ?"

"ಹಳೇ ಮಂದೀನ್ನ ನೋಡಾಕ," ಅಂದ ಅವನು. ಅವನ ಮುಖ ಬಾಡಿತ್ತು. ಹೆಚ್ಚು ಮಾತಾಡಲಿಲ್ಲ.

ಬಾಯಿ ಬಿಡಬಾರದು ಅಂತ ಆಣೆ ಹಾಕಿಸಿದ್ದಾರೆ ಅಂದುಕೊಂಡ ಚೌಡಪ್ಪ.

ಆಮೇಲೆ ಪೆಟ್ಟಿಗೆ ಅವನ ಕಣ್ಣಿಗೆ ಬಿತ್ತು. ಕಾಣಿಕೆಯ ಪೆಟ್ಟಿಗೆ. ಅದರ ಕೀಲಿಕೈ ಅಜ್ಜಾರ ಸೊಂಟದ ಉಡದಾರದಲ್ಲಿ. ತನ್ನ ಅಕ್ಕ ನೇಯ್ದ ನಾಲ್ಕು ವಸ್ತ್ರ ಅದರಲ್ಲಿ ಇವೆಯೋ ಇಲ್ಲವೋ ಯಾರಿಗೆ ಗೊತ್ತು? ಎರಡನೇ ವರ್ಷದಿಂದ ಅವನು ಗಂಟಿನ ಮೇಲೆ ತನ್ನ ಹೆಸರು ಬರೆದೇ ಒಪ್ಪಿಸುತ್ತಿದ್ದ. ಗುರುಭಕ್ತಿಗಿಂತ ಮಸಿ ಗಟ್ಟಿ ಅನ್ನುವ ಹುಡುಗ.

ಒಂದು ದಿನ ಬಟ್ಟೆ ವ್ಯಾಪಾರಿಯೊಬ್ಬ ಮಠಕ್ಕೆ ಬಂದ. ಅಜ್ಜಾರ ಕೋಣೆಯೊಳಗೆ ಹೋದ. ಹೊರಗೆ ಬರುವಾಗ ಅವನ ಬಗಲಲ್ಲಿ ಒಂದು ಗಂಟಿತ್ತು.

ಚೌಡಪ್ಪನಿಗೆ ಇನ್ನೇನು ಬೇಕು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನೇರ ಕೋಣೆಗೆ ನುಗ್ಗಿದ.

"ಅಜ್ಜಾರ, ಬಾಯಿಬಿಟ್ಟು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮಕ್ಕನ ವಸ್ತ್ರ ಮಾರಿದ್ರೇನು?"

ಅಜ್ಜಾರ ಕೈ ತಾನಾಗಿ ಸೊಂಟದ ಕೀಲಿಕೈಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೇ ಕಂಡಿತು ಹುಡುಗನಿಗೆ.

"ಏಳು ವರ್ಷ ಯಾಕ ಇಟ್ಕೋತೀರಿ ಅನ್ನೂದು ತಿಳೀತು ಬಿಡ್ರಿ," ಅಂದ. "ಎರಡು ಚೀಲದ ಆಸೆ, ಒಂದು ವಸ್ತ್ರದ ಆಸೆ. ಆಕಿ ಅಲ್ಲಿ ರಕ್ತಾ ಸುರೀತಾಳ, ನೀವಿಲ್ಲಿ ಪ್ಯಾಟಿ ಮಾಡತೀರಿ."

ಆಡಬಾರದ ಮಾತು.

ಅಜ್ಜಾರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ನಾಡಿದ್ದ ನಿನ್ನ ಪರೀಕ್ಷೆ," ಅಂದರು. "ತಯಾರಾಗು."

ಸಿಕ್ಕಿಬಿದ್ದರು, ಅದಕ್ಕೇ ಒಪ್ಪಿದರು ಅಂತ ಚೌಡಪ್ಪ ತಿಳಿದುಕೊಂಡ. ವಸ್ತ್ರ ಹೋದರೆ ಹೋಗಲಿ, ಮೂರು ವರ್ಷ ಉಳಿದವಲ್ಲ ಅಂತ ಸಮಾಧಾನ ಮಾಡಿಕೊಂಡ.

ಪರೀಕ್ಷೆ ಬೆಳಿಗ್ಗೆ ಸುರುವಾಯಿತು. ಓಲೆ ಒಪ್ಪಿಸು ಅಂದರು. ಒಪ್ಪಿಸಿದ. ಕಣ್ಣು ಕಟ್ಟಿ ಹನ್ನೆರಡು ಬೇರು ಕೈಗೆ ಕೊಟ್ಟರು. ಮೂಸಿ ಹನ್ನೆರಡರ ಹೆಸರೂ ಹೇಳಿದ. ಮೂವರ ನಾಡಿ ಹಿಡಿಸಿದರು. ಅಜ್ಜಾರು ಕಂಡಿದ್ದನ್ನೇ ಅವನೂ ಕಂಡ.

"ಇನ್ನೊಂದ ಉಳೀತು," ಅಂದರು ಅಜ್ಜಾರು. ಒಳಗಿನಿಂದ ನಾಲ್ಕು ವಸ್ತ್ರ ತಂದು ಚಾಪೆಯ ಮೇಲೆ ಸಾಲಾಗಿ ಹಾಸಿದರು. ಬಿಳಿ ಮೈ, ಕೆಂಪು ದಡಿ, ದಡಿಯ ನಡುವೆ ಒಂದು ಕರೀ ಗೆರೆ. ಆ ಸೀಮೆಯ ನೇಕಾರರೆಲ್ಲ ನೇಯುವಂಥದ್ದೇ.

"ಒಬ್ಬರ ಕೈಯಾಂದು. ವರ್ಷಕ್ಕೊಂದು. ನೇಯ್ದವರಿಗೆ ಏನು ರೋಗ, ಹೇಳು."

"ರೋಗಿ ಎಲ್ಲಿ?"

"ರೋಗಿ ಬಂದಿಲ್ಲ. ಬಟ್ಟಿ ಬಂದೈತಿ."

ಇದೇನೋ ತನ್ನನ್ನು ಕೆಡವುವ ಹೂಟ ಅನ್ನಿಸಿತು ಅವನಿಗೆ. ಆದರೂ ಬಗ್ಗಿದ. ನೇಕಾರರ ಮನೆಯಲ್ಲಿ ಹುಟ್ಟಿದವನು. ಬೆರಳು ಆಡಿಸಿದರೆ ಬಟ್ಟೆ ತಾನೇ ಮಾತಾಡುತ್ತದೆ.

"ಮೊದಲನೇದು ಛಲೋ ಐತ್ರಿ. ದಡಿ ನೆಟ್ಟಗ, ಹೊಕ್ಕು ಬಿಗಿ. ಗಟ್ಟಿ ಕೈ, ಗಟ್ಟಿ ಕಣ್ಣು."

"ಎರಡನೇದು?"

"ಇದರಾಗ ಗೇಣಿಗೊಂದು ಅಡ್ಡಗೆರಿ ಐತಿ, ನೋಡ್ರಿ. ಮಗ್ಗ ನಿಲ್ಲಿಸಿ ತಿರುಗಿ ಸುರು ಮಾಡಿದ್ರ ಹಿಂಗ ಬೀಳತೈತಿ. ಪದೇಪದೇ ಎದ್ದಾರ." ಅವನು ಯೋಚಿಸಿದ. "ಕಣ್ಣುರಿ ಇರಬೇಕು. ಎದ್ದು ಕಣ್ಣಿಗೆ ನೀರು ಹಾಕ್ಕೊಂಡು ಬಂದು ಕುಂತಾರ."

"ಮೂರನೇದು?"

"ಅಡ್ಡಗೆರಿ ಒಂದೂ ಇಲ್ಲ. ಕುಂತವರು ಎದ್ದಿಲ್ಲ. ಆದ್ರ ಎಳಿ ತಪ್ಪ್ಯಾವು, ಗಂಟು ಒರಟು." ಅವನ ದನಿ ಚುರುಕಾಯಿತು. ರೋಗದ ಜಾಡು ಸಿಕ್ಕಿತ್ತು. "ಉರಿ ಹೋಗೈತಿ, ಕಣ್ಣು ಸುಧಾರಿಸಿಲ್ಲ. ಯಾರೋ ಉರಿಯಷ್ಟಕ್ಕ ಮದ್ದು ಕೊಟ್ಟಾರ್ರಿ."

"ನಾಕನೇದು?"

ಚೌಡಪ್ಪ ವಸ್ತ್ರವನ್ನು ಬೆಳಕಿಗೆ ಹಿಡಿದ. ಹರಿದ ಎಳೆಗಳನ್ನು ಗಂಟು ಹಾಕದೆ ಹಾಗೇ ಬಿಟ್ಟಿತ್ತು. ಕರೀ ಗೆರೆ ಇರಬೇಕಾದಲ್ಲಿ ಅಲ್ಲಲ್ಲಿ ಕೆಂಪೇ ಹೊಕ್ಕಿತ್ತು.

"ಕೆಂಪಿಗೂ ಕಪ್ಪಿಗೂ ಫರಕು ತಿಳೀವಲ್ತು. ಕೈ ಸವರಿ ನೇಯ್ದಾರ. ಕಣ್ಣು ಹೋಗಾಕತ್ತಾವ್ರಿ ಅಜ್ಜಾರ. ಉರಿ ಇದ್ದಿದ್ರ ತಾವಾಗಿ ಮಗ್ಗ ಬಿಡತಿದ್ರು. ನಿಲ್ಲು ಅಂತ ಹೇಳೂದ ಉರಿ. ಆ ಮದ್ದು ಅದರ ಬಾಯಿ ಮುಚ್ಚಿಸೈತಿ."

"ಮದ್ದು ಕೊಟ್ಟಂವ ಎಂಥಾ ವೈದ್ಯ?"

"ಅರೆಬೆಂದ ವೈದ್ಯ!" ಚೌಡಪ್ಪನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಉರಿ ಹೋತು ಅಂದ ಕೂಡಲೆ ಗೆದ್ದೆ ಅಂದ್ಕೊಂಡಾನ. ಒಂದ ದಿನಾ ಹೋಗಿ ರೋಗೀ ಮಾರಿ ನೋಡಿಲ್ಲ. ಅಂಥವನ ಕೈಯಾಗ ಮದ್ದಿನ ಚೀಲ ಕೊಡಬಾರದ್ರಿ."

"ರೋಗ ಬರೋಬ್ಬರಿ ಹಿಡದಿ," ಅಂದರು ಅಜ್ಜಾರು.

ಗೋಡೆಯ ಗೂಟದಿಂದ ಹೊಸ ಮದ್ದಿನ ಚೀಲ ತೆಗೆದು ಅವನ ಮುಂದಿಟ್ಟರು. ಅದರ ಪಕ್ಕ ಆ ನಾಲ್ಕು ವಸ್ತ್ರ ಕಟ್ಟಿಕೊಂಡು ಬಂದಿದ್ದ ಚೌಕದ ಬಟ್ಟೆಗಳನ್ನಿಟ್ಟರು.

ಮೂರರ ಮೇಲೆ ಮಸಿಯಲ್ಲಿ ಹೆಸರಿತ್ತು. ಅಕ್ಷರ ಅವನದೇ.

ಅಕ್ಕನ ವಸ್ತ್ರಗಳು ಎಂದೋ ಪೇಟೆ ಸೇರಿವೆ ಅಂತ ಅವನು ನಂಬಿಬಿಟ್ಟಿದ್ದ. ಕಣ್ಣೆದುರು ಹಾಸಿದಾಗಲೂ ಅವು ಅವಳವು ಅನ್ನಿಸಲೇ ಇಲ್ಲ.

"ಆ ವ್ಯಾಪಾರಿ..." ಅಂದ.

"ಕೆಮ್ಮಿಗೆ ಬಂದಿದ್ದ. ಆಡುಸೋಗಿ ಸೊಪ್ಪು ಕಟ್ಟಿಕೊಟ್ಟೆ."

ಚೌಡಪ್ಪ ನಾಲ್ಕನೇ ವಸ್ತ್ರವನ್ನು ಎದೆಗೆ ಒತ್ತಿಕೊಂಡ. ದುಃಖ ತಡೆಯಲಾಗಲಿಲ್ಲ. ಚಿಕ್ಕ ಮಗುವಿನಂತೆ ಅತ್ತ. ಆರು ಚೀಲ ಜೋಳ ಉಳಿಸುವುದಕ್ಕೆ ನಾಲ್ಕು ವರ್ಷ ಊರ ಕಡೆ ತಲೆ ಹಾಕಿರಲಿಲ್ಲ.

ಅತ್ತು ಮುಗಿದ ಮೇಲೆ ಅವನ ಹಳೆಯ ಬುದ್ಧಿ ಇನ್ನೊಮ್ಮೆ ತಲೆ ಎತ್ತಿತು.

"ನಿಮಗ ಮೊದಲ ಗೊತ್ತಿತ್ತೇನು? ಗೊತ್ತಿದ್ದೂ ಸುಮ್ಮನಿದ್ರೇನು?"

"ಇಲ್ಲೋ ತಮ್ಮಾ. ನೀ ಹೊರಡತೀನಿ ಅಂದದ್ದಕ್ಕ ಮೊನ್ನೆ ಬಿಚ್ಚಿದೆ. ಎಲ್ಲಾರ ಮ್ಯಾಲೂ ಅನುಮಾನ ಮಾಡೂ ನಾನು ಈ ಪದ್ಧತಿ ಮ್ಯಾಲೆ ಮಾಡಲಿಲ್ಲ. ಅದು ನನ್ನ ತಪ್ಪು. ಇನ್ನ ಮ್ಯಾಲೆ ಗಂಟು ಬಂದ ದಿನಾನ ಬಿಚ್ಚತೇನಿ."

ಅಜ್ಜಾರ ದನಿಯಲ್ಲಿ ನೋವಿತ್ತು. ಹುಡುಗನ ಅನುಮಾನ ಅಲ್ಲಿಗೆ ಸತ್ತಿತು.

"ಕಡೀ ಮೂರು ವರ್ಷದವರು ನೋಡಾಕ ಹೋಗೂ ಹಳೇ ಮಂದಿ ಯಾರ್ರಿ?"

"ಅವರು ಹಿಂದ ಮದ್ದು ಕೊಟ್ಟ ರೋಗಿಗಳು."

ಚೌಡಪ್ಪ ಮದ್ದಿನ ಚೀಲವನ್ನು ಅಜ್ಜಾರ ಕಡೆಗೆ ಸರಿಸಿದ.

"ಇದು ನನಗ ಬ್ಯಾಡ್ರಿ. ಅಂಥವನಿಗೆ ಕೊಡಬಾರದು ಅಂತ ನಾನ ಹೇಳೀನಿ."

"ಇಲ್ಲೇ ಇರಲಿ. ಮೂರು ವರ್ಷ ಇಲಿ ಕಡೀದಂಗ ನೋಡ್ಕೋತೇನಿ."

"ಇನ್ನ ಆರು ಚೀಲ ಆಕಿ ಎಲ್ಲಿಂದ ತರಬೇಕ್ರಿ?"

"ಮಠಕ್ಕ ಬಂದು ಉಂಡವರು ಜ್ವಾಳ ಕೊಡತಾರ. ನೀ ಅಕ್ಕನ ಮನ್ಯಾಗ ಇರು. ಇಲ್ಲಿ ಉಣ್ಣಬ್ಯಾಡ, ಕೊಡಬ್ಯಾಡ. ಇವತ್ತಿಗೆ ನಿನ್ನ ಐದನೇ ವರ್ಷ ಸುರು ಆತು. ಅಲ್ಲೇ ಮುಗಸು."

ಚೌಡಪ್ಪ ಕಾಲು ಮುಟ್ಟಿದ. ಅಜ್ಜಾರು ಅವನ ಬೆನ್ನ ಮೇಲೆ ಕೈಯಿಟ್ಟರು.

"ನನ್ನ ಮ್ಯಾಲೆ ಅನುಮಾನ ಮಾಡಿದ್ದಕ್ಕ ನನಗ ಬ್ಯಾಸರ ಇಲ್ಲ, ವೈದ್ಯಗ ಅದು ಬೇಕು. ಅದರಾಗ ಒಂದು ಚೂರು ನಿನ್ನ ಅಂಜನದ ಮ್ಯಾಲೂ ಮಾಡಬೇಕಾಗಿತ್ತು."

ಅವನು ಬಾಗಿಲವರೆಗೆ ಹೋದ. ಹೊಸ್ತಿಲ ಮೇಲೆ ತಿರುಗಿ ನಿಂತ. ಕೇಳುವುದಕ್ಕೇ ಹೆದರಿಕೆಯಾಗಿತ್ತು.

"ಆಕಿ ಕಣ್ಣು ಉಳಿತಾವೇನ್ರಿ?"

"ಬಿಳೀ ಮ್ಯಾಲೆ ಕೆಂಪು ಇನ್ನೂ ಕಾಣಸ್ತೈತಿ. ಮಗ್ಗ ನಿಂತ್ರ ಅಷ್ಟು ಉಳದೀತು."

"ನಾ ಹೇಳಿದ್ರ ಮಗ್ಗ ಬಿಡೂದಿಲ್ಲ ಆಕಿ. ನನಗೇನೂ ಆಗಿಲ್ಲೋ ಅಂತಾಳ. ಏನು ಮದ್ದು ಕೊಡ್ಲಿ, ಅಜ್ಜಾರ?"

"ಏನೂ ಕೊಡಬ್ಯಾಡ, ಆ ಅಂಜನಾನೂ ಬಿಡಸು," ಅಂದರು ಅಜ್ಜಾರು. "ಆಕಿ ಉರಿ ಆಕಿಗೆ ತಿರುಗಿ ಕೊಡು."